ಸುರಕ್ಷತಾ ಕವಾಟದ ವೈಫಲ್ಯವೂ ಪೂರೈಕೆದಾರನ ಕಡತವೂ

ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ 5 ಮತ್ತು 6ನೆಯ ಘಟಕಗಳ ನಿರ್ಮಾಣಕ್ಕಾಗಿ ಭಾರತೀಯ ಅಣು ವಿದ್ಯುತ್ ನಿಗಮವು 2025ರ ಏಪ್ರಿಲ್ ತಿಂಗಳಲ್ಲಿ ಸುಮಾರು 12,800 ಕೋಟಿ ರೂಪಾಯಿಗಳ ಕಾರ್ಯಾದೇಶವನ್ನು ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಸಂಸ್ಥೆಗೆ ನೀಡಿದುದು ಓದುಗರಿಗೆ ತಿಳಿದ ವಿಷಯವೇ ಆಗಿದೆ. ತಲಾ 700 ಮೆಗಾವಾಟ್ ಸಾಮರ್ಥ್ಯದ ಈ ಎರಡು ಘಟಕಗಳು ನಮ್ಮ ರಾಜ್ಯದ ನೆಲದಲ್ಲಿಯೇ ತಲೆಯೆತ್ತಲಿರುವುದರಿಂದ, ಪೀಣ್ಯ, ಯಶವಂತಪುರ, ಯಲಹಂಕ ಭಾಗದ ಸಣ್ಣ ಹಾಗೂ ಮಧ್ಯಮ ಕೈಗಾರಿಕೆಗಳಲ್ಲಿ ಸಹಜವಾಗಿಯೇ ನಿರೀಕ್ಷೆ ಮೂಡಿದೆ. ಇಷ್ಟು ದೊಡ್ಡ ಗುತ್ತಿಗೆಯೊಂದು ಮೂರು ನಾಲ್ಕು ಹಂತಗಳಲ್ಲಿ ಕೆಳಗಿಳಿದು ಬಂದಾಗ, ಕೊನೆಯ ಹಂತದಲ್ಲಿ ಲೇತ್ ಯಂತ್ರದ ಮುಂದೆ ನಿಂತಿರುವವನು ನಮ್ಮ ನಿಮ್ಮಂತಹ ಉದ್ಯಮಿಯೇ. ಸ್ಪಿಂಡಲ್, ಡಿಸ್ಕ್, ಸ್ಪ್ರಿಂಗ್, ಗ್ಯಾಸ್ಕೆಟ್, ಡಯಾಫ್ರಮ್ ಮುಂತಾದ ಬಿಡಿಭಾಗಗಳು ಅಲ್ಲಿಂದಲೇ ಹೊರಡುತ್ತವೆ.

ಆದೇಶವನ್ನು ಪಡೆಯುವುದು ಹೇಗೆ ಎಂಬ ಬಗ್ಗೆ ವಿಚಾರಗೋಷ್ಠಿಗಳು ಬೇಕಾದಷ್ಟು ನಡೆಯುತ್ತಿವೆ. ಪೂರೈಸಿದ ಹತ್ತು ಹದಿನೈದು ವರ್ಷಗಳ ನಂತರ ಆ ಭಾಗವನ್ನು ಒಳಗೊಂಡ ಕವಾಟವೊಂದು ಕೈಕೊಟ್ಟರೆ ತನಿಖೆ ಹೇಗೆ ನಡೆಯುತ್ತದೆ, ಆ ತನಿಖೆಯಲ್ಲಿ ಸಣ್ಣ ಪೂರೈಕೆದಾರನ ಸ್ಥಾನವೇನು ಎಂಬುದನ್ನು ಯಾರೂ ಅಷ್ಟಾಗಿ ಚರ್ಚಿಸುವುದಿಲ್ಲ. ನಾನು ಎಂಜಿನಿಯರ್ ಅಲ್ಲ, ಲೆಕ್ಕ ಪರಿಶೋಧಕ. ಆದರೆ ಕವಾಟ ವೈಫಲ್ಯದ ತನಿಖಾ ವರದಿಗಳನ್ನು ಓದುತ್ತಾ ಹೋದಂತೆ, ಅವು ಲೋಹಶಾಸ್ತ್ರದ ದಾಖಲೆಗಳಾಗಿರುವಷ್ಟೇ ಲೆಕ್ಕ ಪರಿಶೋಧನೆಯ ದಾಖಲೆಗಳೂ ಆಗಿವೆ ಎಂಬುದು ಸ್ಪಷ್ಟವಾಗುತ್ತದೆ. ಆದುದರಿಂದಲೇ ಈ ಲೇಖನ.

ಕವಾಟದ ಕೆಲಸ

ಸುರಕ್ಷತಾ ಕವಾಟವೆಂದರೇನೆಂದು ಅಡುಗೆಮನೆಯ ಪ್ರೆಷರ್ ಕುಕ್ಕರ್ ಕಂಡವರಿಗೆ ವಿವರಿಸಬೇಕಾಗಿಲ್ಲ. ಒಳಗಿನ ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದುಕೊಳ್ಳಬೇಕು, ಒತ್ತಡ ಇಳಿದಾಗ ತಾನಾಗಿ ಮುಚ್ಚಿಕೊಳ್ಳಬೇಕು. ಬಾಯ್ಲರ್ ಇಟ್ಟುಕೊಂಡಿರುವ ನಮ್ಮ ಸದಸ್ಯ ಘಟಕಗಳಿಗೆ ಇದರ ತಪಾಸಣೆಯ ಅನುಭವ ಇದ್ದೇ ಇದೆ. ಅಣು ಸ್ಥಾವರದಲ್ಲಿ ತತ್ತ್ವ ಇದೇ, ಪರಿಣಾಮ ಮಾತ್ರ ಬೇರೆ. ಕೈಗಾದ ಈಗಿನ ನಾಲ್ಕು ಘಟಕಗಳು ತಲಾ 220 ಮೆಗಾವಾಟ್ ಸಾಮರ್ಥ್ಯದವು. ಇವುಗಳಲ್ಲಿ ಇಂಧನದ ಶಾಖವನ್ನು ಹೊತ್ತು ತರುವುದು ಭಾರಜಲ. ಅದು ರಿಯಾಕ್ಟರಿನಿಂದ ಹೊರಬರುವಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 87 ಕಿಲೋಗ್ರಾಂ ಒತ್ತಡದಲ್ಲಿಯೂ ಸುಮಾರು 293 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿಯೂ ಇರುತ್ತದೆ. ಈ ಭಾರಜಲದ ಕೊಳವೆ ಜಾಲಕ್ಕೂ, ಅದರಿಂದ ಶಾಖ ಪಡೆದು ಟರ್ಬೈನ್ ತಿರುಗಿಸುವ ಉಗಿಯ ಜಾಲಕ್ಕೂ ಪ್ರತ್ಯೇಕ ವಿಮೋಚನಾ ಕವಾಟಗಳಿವೆ.

ಇಂತಹ ಕವಾಟ ಕೆಡುವ ಬಗೆಗಳಲ್ಲಿ ಮುಖ್ಯವಾದವು ಮೂರು. ತೆರೆಯಬೇಕಾದಾಗ ತೆರೆಯದಿರಬಹುದು. ತೆರೆದ ನಂತರ ಮುಚ್ಚದಿರಬಹುದು. ಅಥವಾ ನಿಗದಿತ ಒತ್ತಡಕ್ಕಿಂತ ಮೊದಲೋ ನಂತರವೋ ತೆರೆಯಬಹುದು. ತೆರೆಯದ ಕವಾಟವೇ ಹೆಚ್ಚು ಅಪಾಯಕಾರಿ ಎಂದು ಹೊರಗಿನವರಿಗೆ ತೋರುವುದು ಸಹಜ. ಆದರೆ ಅಣು ವಿದ್ಯುತ್ತಿನ ಇತಿಹಾಸದಲ್ಲಿ ಅತಿ ದುಬಾರಿಯಾಗಿ ಪರಿಣಮಿಸಿದ ಕವಾಟವು ತೆರೆದು ಮುಚ್ಚದೇ ಉಳಿದ ಕವಾಟ.

ತ್ರೀ ಮೈಲ್ ಐಲ್ಯಾಂಡಿನ ದೀಪ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೆಯ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1978ರ ಡಿಸೆಂಬರ್ 30ರಂದು. ಮೂರು ತಿಂಗಳು ತುಂಬುವ ಮೊದಲೇ, 1979ರ ಮಾರ್ಚ್ 28ರ ಬೆಳಗಿನ ಜಾವ 4 ಗಂಟೆಯ ಸುಮಾರಿಗೆ, ಉಗಿ ಉತ್ಪಾದಕಗಳಿಗೆ ನೀರುಣಿಸುವ ಪಂಪುಗಳು ನಿಂತವು. ಪ್ರಾಥಮಿಕ ಜಾಲದ ಒತ್ತಡ ಏರಿತು, ವಿಮೋಚನಾ ಕವಾಟ ತೆರೆದುಕೊಂಡಿತು, ರಿಯಾಕ್ಟರ್ ತಾನಾಗಿ ಸ್ಥಗಿತಗೊಂಡಿತು. ಇಷ್ಟರವರೆಗೆ ಎಲ್ಲವೂ ವಿನ್ಯಾಸದಂತೆಯೇ ನಡೆದಿತ್ತು. ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಇಳಿದಾಗ ಕವಾಟ ಮುಚ್ಚಬೇಕಾಗಿತ್ತು. ಅದು ಮುಚ್ಚಲಿಲ್ಲ.

ನಿಯಂತ್ರಣ ಕೊಠಡಿಯ ಫಲಕದಲ್ಲಿ ಆ ಕವಾಟಕ್ಕೆ ಸಂಬಂಧಿಸಿದ ದೀಪವೊಂದಿತ್ತು, ಅದು ಆರಿಹೋಯಿತು. ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ಅರ್ಥ ಮಾಡಿಕೊಂಡರು. ವಾಸ್ತವದಲ್ಲಿ ಆ ದೀಪ ತೋರಿಸುತ್ತಿದ್ದುದು ಕವಾಟದ ಸ್ಥಿತಿಯನ್ನಲ್ಲ. ಕವಾಟವನ್ನು ಚಾಲಿಸುವ ಸೊಲೆನಾಯ್ಡ್‌ಗೆ ವಿದ್ಯುತ್ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಅದು ತೋರಿಸುತ್ತಿತ್ತು. ಮುಚ್ಚೆಂಬ ಆಜ್ಞೆ ಹೋಗಿತ್ತು, ಆಜ್ಞೆ ಪಾಲನೆಯಾಗಿರಲಿಲ್ಲ. ಒಂದು ವರ್ಷದ ಹಿಂದೆ, 1978ರ ಮಾರ್ಚ್‌ನಲ್ಲಿ, ಅದೇ ಘಟಕದಲ್ಲಿ ವಿದ್ಯುತ್ ವ್ಯತ್ಯಯದಿಂದ ಅದೇ ಕವಾಟ ತೆರೆದುಕೊಂಡ ನಂತರವೇ ಈ ದೀಪವನ್ನು ಅಳವಡಿಸಲಾಗಿತ್ತು ಎಂಬುದನ್ನು ಓದಿದಾಗ ನನಗೆ ನಮ್ಮ ಕೆಲವು ಕಾರ್ಖಾನೆಗಳ ದಾಸ್ತಾನು ಪುಸ್ತಕಗಳು ನೆನಪಿಗೆ ಬಂದವು. ಲೋಪ ಕಂಡ ಮೇಲೆ ಒಂದು ಕಾಲಂ ಹೆಚ್ಚಿಸುತ್ತಾರೆ. ಆ ಕಾಲಂನಲ್ಲಿ ಬರೆಯುವುದು ಗೋದಾಮಿನಲ್ಲಿ ಎಣಿಸಿದ್ದನ್ನಲ್ಲ, ಬಿಲ್ಲಿನಲ್ಲಿ ಇದ್ದುದನ್ನು.

ಕವಾಟದ ಹೊರಗಿನ ಕೊಳವೆಯ ತಾಪಮಾಪಕ ಹೆಚ್ಚಿನ ತಾಪವನ್ನು ತೋರಿಸುತ್ತಲೇ ಇತ್ತು. ಆದರೆ ಆ ಕವಾಟ ಮೊದಲಿನಿಂದಲೂ ಅಲ್ಪಸ್ವಲ್ಪ ಸೋರುತ್ತಿದ್ದುದರಿಂದ ಹೆಚ್ಚಿನ ತಾಪ ಸಿಬ್ಬಂದಿಗೆ ಅಭ್ಯಾಸವಾಗಿಬಿಟ್ಟಿತ್ತು. ಬೆಳಗ್ಗೆ 6 ಗಂಟೆ 22 ನಿಮಿಷಕ್ಕೆ ಅದರ ಹಿಂದಿನ ತಡೆಕವಾಟವನ್ನು ಮುಚ್ಚುವವರೆಗೆ, ಎರಡೂಕಾಲು ಗಂಟೆಗೂ ಹೆಚ್ಚು ಕಾಲ ತಂಪುನೀರು ಹೊರಹರಿಯಿತು. ಇಂಧನದ ಸುಮಾರು ಅರ್ಧಭಾಗ ಕರಗಿತು. ಆ ಘಟಕ ಮತ್ತೆ ಚಾಲನೆಯಾಗಲಿಲ್ಲ. ಶುದ್ಧೀಕರಣಕ್ಕೆ ಸುಮಾರು 14 ವರ್ಷಗಳೂ ಸುಮಾರು 100 ಕೋಟಿ ಡಾಲರುಗಳೂ ವ್ಯಯವಾದವು.

ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಗಣಿತಜ್ಞ ಜಾನ್ ಕೆಮೆನಿ ಅವರ ನೇತೃತ್ವದಲ್ಲಿ ನೇಮಿಸಿದ ಆಯೋಗ 1979ರ ಅಕ್ಟೋಬರ್‌ನಲ್ಲಿ ವರದಿ ನೀಡಿತು. ಅದರಲ್ಲಿ ವ್ಯಾಪಾರಸ್ಥರಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಇದೇ ಮಾದರಿಯ ಕವಾಟ ಬೇರೆ ಬೇರೆ ಕಡೆ ಮೊದಲೇ ಹಲವು ಬಾರಿ ಕೈಕೊಟ್ಟಿತ್ತು. 1977ರ ಸೆಪ್ಟೆಂಬರ್ 24ರಂದು ಓಹಾಯೋ ರಾಜ್ಯದ ಡೇವಿಸ್-ಬೆಸಿ ಸ್ಥಾವರದಲ್ಲಿ ಅದು ಹಲವು ಸಲ ಪಟಪಟನೆ ತೆರೆದು ಮುಚ್ಚಿ ಕೊನೆಗೆ ತೆರೆದೇ ಉಳಿದಿತ್ತು. ಅಲ್ಲಿ ರಿಯಾಕ್ಟರ್ ಶೇಕಡಾ 9ರಷ್ಟು ಶಕ್ತಿಯಲ್ಲಿ ಮಾತ್ರ ಓಡುತ್ತಿದ್ದುದರಿಂದಲೂ, ಸುಮಾರು 20 ನಿಮಿಷಗಳಲ್ಲಿ ಸಿಬ್ಬಂದಿ ವಿಷಯ ಗ್ರಹಿಸಿದುದರಿಂದಲೂ ಅನಾಹುತ ತಪ್ಪಿತ್ತು. ರಿಯಾಕ್ಟರ್ ತಯಾರಕ ಸಂಸ್ಥೆಯ ಎಂಜಿನಿಯರೊಬ್ಬರು ಈ ಬಗ್ಗೆ ಆಂತರಿಕ ಟಿಪ್ಪಣಿ ಬರೆದು, ಗ್ರಾಹಕರಿಗೆ ಎಚ್ಚರಿಕೆ ನೀಡಬೇಕೆಂದು ಸೂಚಿಸಿದ್ದರು. ಟಿಪ್ಪಣಿ ಮೇಜಿನಿಂದ ಮೇಜಿಗೆ ತಿರುಗಿತು, ಗ್ರಾಹಕರನ್ನು ತಲುಪಲಿಲ್ಲ.

ಅನಂತರ ಅಮೆರಿಕದ ನಿಯಂತ್ರಣ ಆಯೋಗವು ಕವಾಟದ ನೈಜ ಸ್ಥಾನವನ್ನೇ ತೋರಿಸುವ ಸೂಚಕವನ್ನು ಕಡ್ಡಾಯಗೊಳಿಸಿತು. ಇಂತಹ ಕವಾಟಗಳು ಉಗಿಗೂ ನೀರಿಗೂ ಎರಡರ ಮಿಶ್ರಣಕ್ಕೂ ಹೇಗೆ ವರ್ತಿಸುತ್ತವೆ ಎಂಬುದನ್ನು ಪೂರ್ಣ ಗಾತ್ರದ ಪರೀಕ್ಷೆಯಿಂದ ತೋರಿಸಬೇಕೆಂದೂ ಆಜ್ಞಾಪಿಸಿತು.

ಕೈಗಾದ ಬಳಗದ ಕತೆ

ತ್ರೀ ಮೈಲ್ ಐಲ್ಯಾಂಡಿನ ರಿಯಾಕ್ಟರ್ ಸಾಮಾನ್ಯ ನೀರಿನದು, ನಮ್ಮದು ಭಾರಜಲದ್ದು. ಆದುದರಿಂದ ನಮಗೆ ಹೆಚ್ಚು ಹತ್ತಿರದ ಪ್ರಕರಣ ಕೆನಡಾದ್ದು. ರಾಜಸ್ಥಾನದ ರಾವತಭಾಟಾದಲ್ಲಿ ಮೊದಲ ಭಾರಜಲ ರಿಯಾಕ್ಟರನ್ನು ಕೆನಡಾದ ಸಹಕಾರದಿಂದಲೇ ಆರಂಭಿಸಿದ್ದು. 1974ರ ಪೋಖರಣ್ ಪರೀಕ್ಷೆಯ ನಂತರ ಆ ಸಹಕಾರ ನಿಂತುಹೋಗಿ, ಮುಂದಿನದೆಲ್ಲವನ್ನೂ ನಮ್ಮವರೇ ಬೆಳೆಸಿದರು. ಕೈಗಾ ಆ ವಂಶದ ಕುಡಿ.

ಕೆನಡಾದ ಒಂಟಾರಿಯೋ ಪ್ರಾಂತ್ಯದ ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ 1994ರ ಡಿಸೆಂಬರ್ 10ರಂದು ವಿಮೋಚನಾ ಕವಾಟವೊಂದರ ರಬ್ಬರ್ ಡಯಾಫ್ರಮ್ ಹರಿಯಿತು. ಕವಾಟ ತೆರೆದುಕೊಂಡಿತು. ಹೊರಬಂದ ಭಾರಜಲವನ್ನು ಹಿಡಿದಿಡಬೇಕಾದ ಸಂಗ್ರಾಹಕ ಪಾತ್ರೆ ತುಂಬಿ ಅದರ ಒತ್ತಡ ಏರಿತು. ಆ ಪಾತ್ರೆಯ ವಿಮೋಚನಾ ಕವಾಟ ನಿರಂತರವಾಗಿ ತೆರೆದು ಮುಚ್ಚುತ್ತಾ ನಡುಗತೊಡಗಿತು. ಆ ಕಂಪನಕ್ಕೆ ಕೊಳವೆಯೊಂದು ಬಿರುಕು ಬಿಟ್ಟಿತು. ನೂರು ಟನ್ನುಗಳಿಗೂ ಮಿಕ್ಕಿ ಭಾರಜಲ ಕಟ್ಟಡದೊಳಗೆ ಸೋರಿತು, ತುರ್ತು ಶೀತಲೀಕರಣ ವ್ಯವಸ್ಥೆ ಕಾರ್ಯನಿರ್ವಹಿಸಿ ಇಂಧನವನ್ನು ಉಳಿಸಿತು. ಭಾರಜಲವೆಂಬುದು ಬಾವಿಯ ನೀರಲ್ಲ, ಅದರ ಬೆಲೆಯನ್ನು ಲೆಕ್ಕ ಹಾಕಿದವರಿಗೆ ಸೋರಿಕೆಯ ಆರ್ಥಿಕ ಅರ್ಥ ತಿಳಿಯುತ್ತದೆ.

ಇಷ್ಟೆಲ್ಲಕ್ಕೂ ಮೂಲ ಒಂದು ರಬ್ಬರ್ ಡಯಾಫ್ರಮ್. ಪೀಣ್ಯದಲ್ಲಿ ಅಂತಹುದನ್ನು ಅಚ್ಚು ಹಾಕಿ ಕೊಡುವ ಘಟಕಗಳನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ರಬ್ಬರಿಗೆ ಆಯುಷ್ಯವಿದೆ. ಯಾವ ದಿನ ಅಚ್ಚಾಯಿತು, ಯಾವ ಮಿಶ್ರಣ, ಎಷ್ಟು ಕಾಲ ಉಗ್ರಾಣದಲ್ಲಿತ್ತು, ಯಾವ ದಿನ ಅಳವಡಿಸಲಾಯಿತು ಎಂಬ ನಾಲ್ಕು ಮಾಹಿತಿಗಳು ಇಲ್ಲದಿದ್ದರೆ ಹೊಸ ಡಯಾಫ್ರಮ್ಮಿಗೂ ಹಳೆಯದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಖರೀದಿ ಆದೇಶದಲ್ಲಿ ಗಾತ್ರ, ಸಂಖ್ಯೆ, ದರ ಇಷ್ಟನ್ನೇ ಬರೆಯುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ.

ಅಂಟಿಕೊಂಡ ಡಿಸ್ಕುಗಳು, ಓದದ ದಾಖಲೆಗಳು

ತೆರೆಯದ ಕವಾಟಗಳ ಕತೆಯೂ ಇದೆ. ಅಮೆರಿಕದ ಕುದಿನೀರಿನ ರಿಯಾಕ್ಟರುಗಳಲ್ಲಿ ಬಳಸಿದ ಒಂದು ಬಗೆಯ ಕವಾಟದಲ್ಲಿ, ಪೈಲಟ್ ಡಿಸ್ಕಿನ ಮೇಲ್ಮೈಯೂ ಅದು ಕುಳಿತುಕೊಳ್ಳುವ ಸೀಟಿನ ಮೇಲ್ಮೈಯೂ ತುಕ್ಕಿನ ತೆಳುಪದರದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕವಾಟ ತೆರೆಯುತ್ತಿತ್ತು, ಆದರೆ ನಿಗದಿತಕ್ಕಿಂತ ಹೆಚ್ಚಿನ ಒತ್ತಡದಲ್ಲಿ. ಇದನ್ನು ಪತ್ತೆ ಹಚ್ಚಲು ಸಾಧ್ಯವಾದುದು ಒಂದು ಸರಳ ಶಿಸ್ತಿನಿಂದ. ಸ್ಥಾವರದಿಂದ ಬಿಚ್ಚಿದ ಕವಾಟವನ್ನು ಒರೆಸದೆ, ಎಣ್ಣೆ ಹಾಕದೆ, ಇದ್ದ ಸ್ಥಿತಿಯಲ್ಲಿಯೇ ಪರೀಕ್ಷಾ ಪೀಠಕ್ಕೆ ಏರಿಸಬೇಕು, ಮೊದಲ ಸಲ ಯಾವ ಒತ್ತಡಕ್ಕೆ ತೆರೆಯಿತೆಂಬುದನ್ನು ಬರೆದುಕೊಳ್ಳಬೇಕು. ಎರಡನೆಯ ಸಲ ತೆರೆದಾಗ ತುಕ್ಕಿನ ಅಂಟು ಬಿಟ್ಟಿರುತ್ತದೆ, ಸಾಕ್ಷ್ಯ ಹೋಗಿರುತ್ತದೆ. ಅಮೆರಿಕದ ಯಂತ್ರ ಎಂಜಿನಿಯರುಗಳ ಸಂಘದ ಸಂಹಿತೆಯ ಪ್ರಕಾರ, ಒಂದು ಕವಾಟ ಈ ಪರೀಕ್ಷೆಯಲ್ಲಿ ಮಿತಿ ಮೀರಿದರೆ ಅದೇ ಗುಂಪಿನ ಇನ್ನೆರಡನ್ನು ಬಿಚ್ಚಿ ಪರೀಕ್ಷಿಸಬೇಕು.

ಲೆಕ್ಕ ಪರಿಶೋಧಕನಿಗೆ ಈ ನಿಯಮ ಪರಕೀಯವಲ್ಲ. ಮಾದರಿ ತಪಾಸಣೆಯಲ್ಲಿ ಒಂದು ವೋಚರ್ ತಪ್ಪಾಗಿ ಕಂಡರೆ ನಾವು ಅದನ್ನು ತಿದ್ದಿಸಿ ಸುಮ್ಮನಾಗುವುದಿಲ್ಲ, ಮಾದರಿಯನ್ನು ಹಿಗ್ಗಿಸುತ್ತೇವೆ.

ಮೆಸಾಚುಸೆಟ್ಸ್ ರಾಜ್ಯದ ಪಿಲ್‌ಗ್ರಿಮ್ ಸ್ಥಾವರದಲ್ಲಿ 2015ರ ಜನವರಿ 27ರ ಹಿಮಗಾಳಿಯ ವೇಳೆ ವಿದ್ಯುತ್ ಜಾಲ ಕಡಿದುಹೋಗಿ ರಿಯಾಕ್ಟರ್ ನಿಂತಿತು. ಆಗ ಕೈಯಿಂದ ತೆರೆಯಲೆತ್ನಿಸಿದ ಸುರಕ್ಷತಾ ವಿಮೋಚನಾ ಕವಾಟವೊಂದು ತೆರೆಯಲಿಲ್ಲ. ನಿಯಂತ್ರಣ ಆಯೋಗದ ವಿಶೇಷ ತಪಾಸಣಾ ತಂಡ ಹಳೆಯ ದತ್ತಾಂಶಗಳನ್ನು ತೆಗೆಸಿ ನೋಡಿತು. 2013ರ ಫೆಬ್ರವರಿಯ ಇಂತಹುದೇ ಹಿಮಗಾಳಿಯಲ್ಲಿ ಇನ್ನೊಂದು ಕವಾಟವೂ ತೆರೆದಿರಲಿಲ್ಲ. ಒತ್ತಡದ ದಾಖಲೆಗಳಲ್ಲಿ ಅದು ಕಾಣುತ್ತಿತ್ತು, ಆದರೆ ಸ್ಥಾವರದವರು ಅದನ್ನು ವೈಫಲ್ಯವೆಂದು ಗುರುತಿಸಿರಲಿಲ್ಲ. ಆಯೋಗ ದಂಡನೀಯ ಲೋಪವೆಂದು ಎತ್ತಿಹಿಡಿದದ್ದು 2015ರ ಕವಾಟವನ್ನಲ್ಲ, 2013ರ ದಾಖಲೆಯನ್ನು ಓದದೆ ಬಿಟ್ಟುದನ್ನು. ಆ ಸ್ಥಾವರ 2019ರಲ್ಲಿ ಶಾಶ್ವತವಾಗಿ ಮುಚ್ಚಿತು, ಅದಕ್ಕೆ ಆರ್ಥಿಕ ಕಾರಣಗಳೂ ಇದ್ದವು.

ನಮ್ಮಲ್ಲಿಯ ವ್ಯವಸ್ಥೆ

ಭಾರತದಲ್ಲಿ ಅಣು ಸುರಕ್ಷತೆಯ ಮೇಲ್ವಿಚಾರಣೆ 1983ರ ನವೆಂಬರ್ 15ರಂದು ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು. ಸ್ಥಾವರದಲ್ಲಿ ಮಹತ್ವದ ಘಟನೆ ನಡೆದರೆ ಮೊದಲು ತ್ವರಿತ ಸೂಚನೆ, ಅನಂತರ ಮೂಲ ಕಾರಣ ಸಹಿತವಾದ ವಿವರ ವರದಿ ಮಂಡಳಿಗೆ ಹೋಗಬೇಕು. ಒಂದು ಸ್ಥಾವರದ ಪಾಠ ಬೇರೆಲ್ಲ ಸ್ಥಾವರಗಳಿಗೂ ತಲುಪಬೇಕು.

ಕರ್ನಾಟಕದ ಮಟ್ಟಿಗೆ ದೊಡ್ಡ ತನಿಖೆ ನಡೆದದ್ದು ಕವಾಟದ ಬಗ್ಗೆ ಅಲ್ಲ, ಕಾಂಕ್ರೀಟಿನ ಬಗ್ಗೆ. 1994ರ ಮೇ 13ರಂದು ಕೈಗಾದ ಒಂದನೆಯ ಘಟಕದ ಒಳಗುಮ್ಮಟದ ಕೆಳಪದರ ನಿರ್ಮಾಣದ ಹಂತದಲ್ಲಿಯೇ ಕಳಚಿಬಿತ್ತು. ಆಗ ರಿಯಾಕ್ಟರಿನಲ್ಲಿ ಇಂಧನವಿರಲಿಲ್ಲ. ತನಿಖೆ ನಡೆದು, ಗುಮ್ಮಟದ ವಿನ್ಯಾಸ ಬದಲಾಗಿ, ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದ ನವೆಂಬರ್‌ನಲ್ಲಿ. ಅದೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ಓಡಿ ಅಂದಿನ ವಿಶ್ವದಾಖಲೆ ಸ್ಥಾಪಿಸಿತು. ಒಂದು ಯಂತ್ರ 962 ದಿನ ನಿಲ್ಲದೆ ಓಡಿತೆಂದರೆ ಅದರಲ್ಲಿನ ಸಾವಿರಾರು ಬಿಡಿಭಾಗಗಳು ಅಷ್ಟೂ ದಿನ ಮಾತು ಉಳಿಸಿಕೊಂಡವೆಂದು ಅರ್ಥ. ಅವುಗಳನ್ನು ಮಾಡಿದವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ.

ಒತ್ತಡ ವಿಮೋಚನೆಗೆ ನೇರವಾಗಿ ಸಂಬಂಧಿಸಿದ ಭಾರತೀಯ ಪ್ರಕರಣವೆಂದರೆ ರಾಜಸ್ಥಾನದ ಒಂದನೆಯ ಘಟಕದ್ದು. 1990ರ ದಶಕದಲ್ಲಿ ಅಲ್ಲಿ ಅಧಿಕ ಒತ್ತಡ ವಿಮೋಚನಾ ಸಾಧನದ ಬಳಿ ಭಾರಜಲ ಸೋರತೊಡಗಿತು. ವಿಕಿರಣದಿಂದಾಗಿ ಮನುಷ್ಯ ಹತ್ತಿರ ಹೋಗಲಾಗದ ಜಾಗವದು. ನಮ್ಮ ಎಂಜಿನಿಯರುಗಳು ದೂರದಿಂದಲೇ ಇಂಡಿಯಂ ಎಂಬ ಮೃದು ಲೋಹವನ್ನು ಬಳಸಿ ಅದನ್ನು ಮುಚ್ಚಿದರು. ಭಾಗ ಚಿಕ್ಕದಾದರೂ ಅದನ್ನು ಬದಲಿಸುವುದು ಬಸ್ಸಿನ ಟೈರು ಬದಲಿಸಿದಂತಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತನಿಖೆ ಕೆಳಗಿಳಿಯುವ ಬಗೆ

ಕವಾಟ ಕೈಕೊಟ್ಟ ನಂತರ ಮೊದಲ ಕೆಲಸ ಅದನ್ನು ಪ್ರತ್ಯೇಕಿಸಿ ಮುದ್ರೆ ಹಾಕುವುದು. ಇದ್ದ ಸ್ಥಿತಿಯ ಪರೀಕ್ಷೆ, ಸಾಕ್ಷಿಗಳ ಸಮ್ಮುಖದಲ್ಲಿ ಬಿಚ್ಚುವುದು, ಪ್ರತಿ ಹಂತದ ಛಾಯಾಚಿತ್ರ, ಸ್ಪ್ರಿಂಗಿನ ಬಿಗಿತದ ಅಳತೆ, ಸೀಟಿನ ಮೇಲ್ಮೈ ಪರೀಕ್ಷೆ, ಲೋಹದ ರಾಸಾಯನಿಕ ವಿಶ್ಲೇಷಣೆ ಇವೆಲ್ಲ ಒಂದರ ಹಿಂದೊಂದು ನಡೆಯುತ್ತವೆ. ಇಲ್ಲಿಯವರೆಗೆ ಮಾತನಾಡುವುದು ಲೋಹ. ಕಾರಣ ಒಂದು ಭಾಗದ ಕಡೆಗೆ ಬೆರಳು ತೋರಿಸಿದೊಡನೆ ಪ್ರಶ್ನೆ ಬದಲಾಗುತ್ತದೆ: ಇದೇ ಕುಲುಮೆಯ ಇದೇ ಹೀಟ್ ಸಂಖ್ಯೆಯ ಲೋಹದಿಂದ ಆದ ಬೇರೆ ಭಾಗಗಳು ಎಲ್ಲೆಲ್ಲಿ ಅಳವಡಿಕೆಯಾಗಿವೆ? ಈ ಪ್ರಶ್ನೆಗೆ ಸೂಕ್ಷ್ಮದರ್ಶಕ ಉತ್ತರಿಸಲಾರದು. ಉತ್ತರವಿರುವುದು ಕಡತದಲ್ಲಿ. ಸ್ಥಾವರದಿಂದ ಕವಾಟ ತಯಾರಕನಿಗೆ, ಅವನಿಂದ ಉಪಗುತ್ತಿಗೆದಾರನಿಗೆ, ಅವನಿಂದ ಶಾಖ ಸಂಸ್ಕರಣೆ ಮಾಡಿದವನಿಗೆ, ಅಲ್ಲಿಂದ ಎರಕದ ಕಾರ್ಖಾನೆಗೆ ಪತ್ರಗಳು ಇಳಿಯುತ್ತವೆ. ಸರಪಳಿಯ ಒಂದು ಕೊಂಡಿಯಲ್ಲಿ ಕಾಗದ ಇಲ್ಲವೆಂದಾದರೆ ಇಡೀ ಸರಕು ಅನುಮಾನಿತ.

ನನ್ನ ಕಕ್ಷಿದಾರರೊಬ್ಬರಿಗೆ ಇದರ ಬಿಸಿ ತಟ್ಟಿತು. ಅವರದು ಅಣು ಸ್ಥಾವರದ ಪೂರೈಕೆಯಲ್ಲ, ತೈಲ ಶುದ್ಧೀಕರಣ ಘಟಕವೊಂದರ ಕವಾಟಕ್ಕೆ ಸ್ಪಿಂಡಲ್‌ಗಳನ್ನು ಮಾಡಿಕೊಟ್ಟಿದ್ದರು. ಹನ್ನೊಂದು ವರ್ಷಗಳ ನಂತರ ಕವಾಟ ತಯಾರಕರಿಂದ ಪತ್ರ ಬಂತು. ಹೀಟ್ ಸಂಖ್ಯೆ, ಶಾಖ ಸಂಸ್ಕರಣೆಯ ನಕ್ಷೆ, ಅಂತಿಮ ತಪಾಸಣೆಯ ಹಾಳೆ ಬೇಕೆಂದು. ಇವರಲ್ಲಿ ಸಿಕ್ಕಿದ್ದು ಇನ್‌ವಾಯ್ಸ್ ಪ್ರತಿಯೊಂದೇ, ಅದೂ ಒಂದು ತೆರಿಗೆ ವ್ಯಾಜ್ಯದ ಕಡತದಲ್ಲಿ ಸೇರಿಕೊಂಡಿದ್ದರಿಂದ. ಶಾಖ ಸಂಸ್ಕರಣೆ ಮಾಡಿದ ಘಟಕ ಬಾಗಿಲು ಹಾಕಿತ್ತು. ಸ್ಪಿಂಡಲ್‌ಗಳಲ್ಲಿ ದೋಷವಿತ್ತೆಂದು ಯಾರೂ ಹೇಳಲಿಲ್ಲ, ದೋಷವಿರಲಿಲ್ಲವೆಂದು ತೋರಿಸಲು ಇವರಿಂದ ಆಗಲಿಲ್ಲ. ಉಳಿದ ಸ್ಪಿಂಡಲ್‌ಗಳನ್ನು ಹೊಸದಾಗಿ ಮಾಡಿಕೊಡುವ ಖರ್ಚು ಇವರ ತಲೆಗೆ ಬಂತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಅನುಮೋದಿತ ಪೂರೈಕೆದಾರರ ಪಟ್ಟಿಯಿಂದ ಎರಡು ವರ್ಷ ಹೊರಗುಳಿದದ್ದು.

ಇಲ್ಲಿ ಕಾನೂನಿನ ಅವಧಿಗಳಿಗೂ ಯಂತ್ರದ ಆಯುಷ್ಯಕ್ಕೂ ಇರುವ ಅಂತರವನ್ನು ಗಮನಿಸಬೇಕು. 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಕಾಯ್ದಿಡಬೇಕು. ಸರಕು ಮತ್ತು ಸೇವಾ ತೆರಿಗೆಯ ದಾಖಲೆಗಳಿಗೆ ವಾರ್ಷಿಕ ವಿವರಣೆಯ ಕೊನೆಯ ದಿನದಿಂದ 72 ತಿಂಗಳು. ನಮ್ಮ ಬಹುತೇಕ ಘಟಕಗಳು ಈ ಎರಡು ಅವಧಿಗಳನ್ನೇ ಅಳತೆಗೋಲಾಗಿಸಿಕೊಂಡು, ಒಂಬತ್ತನೆಯ ವರ್ಷ ಆಯುಧಪೂಜೆಗೆ ಮೊದಲು ಕಾರ್ಖಾನೆ ಸ್ವಚ್ಛಗೊಳಿಸುವಾಗ ಹಳೆಯ ಕಾಗದವನ್ನು ತೂಕಕ್ಕೆ ಹಾಕುತ್ತವೆ. ಲೆಕ್ಕದ ಕಾಗದದ ಜೊತೆ ತಪಾಸಣೆಯ ಕಾಗದವೂ ಹೋಗುತ್ತದೆ. ಹೊಸ ರಿಯಾಕ್ಟರಿನ ವಿನ್ಯಾಸ ಆಯುಷ್ಯ 40 ವರ್ಷ. ತೆರಿಗೆ ಅಧಿಕಾರಿ ಕೇಳುವುದನ್ನು ನಿಲ್ಲಿಸಿದ ಮೇಲೆಯೂ 32 ವರ್ಷ ಆ ಡಿಸ್ಕ್ ಕೆಲಸ ಮಾಡುತ್ತಲೇ ಇರುತ್ತದೆ. ಆದುದರಿಂದ ಗುಣಮಟ್ಟದ ಕಡತವನ್ನು ಲೆಕ್ಕದ ಕಡತದಿಂದ ಬೇರ್ಪಡಿಸಿ, ಅದಕ್ಕೆ ಪ್ರತ್ಯೇಕ ಕಪಾಟು ಮತ್ತು ಪ್ರತ್ಯೇಕ ಅವಧಿ ಗೊತ್ತುಪಡಿಸುವುದು ಯುಕ್ತ. ಗಣಕೀಕೃತ ಪ್ರತಿ ಇಟ್ಟುಕೊಂಡರೂ ಮೂಲ ಪ್ರತಿಯನ್ನು ಬಿಡಬಾರದು, ಸಹಿಯ ನೈಜತೆ ಪ್ರಶ್ನೆಗೆ ಬರುವುದು ಮೂಲದಲ್ಲಿಯೇ.

ಪ್ರಮಾಣಪತ್ರದ ಬೆಲೆ

ಸಹಿಯ ನೈಜತೆಯ ಮಾತು ಬಂದದ್ದರಿಂದ ದಕ್ಷಿಣ ಕೊರಿಯಾದ ಹಗರಣವನ್ನು ಹೇಳಲೇಬೇಕು. 2012ರ ನವೆಂಬರ್‌ನಲ್ಲಿ, ಹಲವು ಪೂರೈಕೆದಾರರು ಸುಮಾರು ಹತ್ತು ವರ್ಷ ಕಾಲ ನಕಲಿ ಗುಣಮಟ್ಟ ಪ್ರಮಾಣಪತ್ರಗಳೊಂದಿಗೆ ಸಾವಿರಾರು ಬಿಡಿಭಾಗಗಳನ್ನು ಅಣು ಸ್ಥಾವರಗಳಿಗೆ ಪೂರೈಸಿದ್ದು ಬೆಳಕಿಗೆ ಬಂತು. ಫ್ಯೂಸು, ಸ್ವಿಚ್ಚುಗಳಂತಹ ಸಾಮಾನ್ಯ ವಸ್ತುಗಳು. ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. 2013ರ ಮೇ ತಿಂಗಳಲ್ಲಿ ನಿಯಂತ್ರಣ ಕೇಬಲ್‌ಗಳ ಪರೀಕ್ಷಾ ವರದಿಯೇ ತಿದ್ದುಪಡಿಯಾದದ್ದು ಕಂಡು ಮತ್ತಷ್ಟು ರಿಯಾಕ್ಟರುಗಳು ನಿಂತವು. ಆ ಬೇಸಿಗೆಯಲ್ಲಿ ದೇಶವೇ ವಿದ್ಯುತ್ ಕೊರತೆ ಅನುಭವಿಸಿತು. ಅಕ್ಟೋಬರ್ ವೇಳೆಗೆ 100 ಮಂದಿಯ ಮೇಲೆ ಆರೋಪ ಹೊರಿಸಲಾಗಿತ್ತು. ಆ ಭಾಗಗಳಿಂದ ಅಪಘಾತವೇನೂ ಸಂಭವಿಸಿರಲಿಲ್ಲ. ಅವು ಚೆನ್ನಾಗಿವೆ ಎಂದು ನಂಬಲು ಆಧಾರವಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಪರೀಕ್ಷೆಯನ್ನು ಮಾಡಿಸದೆ ಹಿಂದಿನ ಸರಕಿನ ಪ್ರಮಾಣಪತ್ರದ ದಿನಾಂಕ ತಿದ್ದಿ ಲಗತ್ತಿಸುವವರು ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರಾದರೂ ಇದ್ದರೆ ಅವರನ್ನು ನಾನು ಅಭಿನಂದಿಸುತ್ತೇನೆ. ಕನಿಷ್ಠ ದರಕ್ಕೇ ಟೆಂಡರ್ ಎಂಬ ಪದ್ಧತಿ, ತಡವಾದರೆ ದಂಡ, ಹಣ ಪಾವತಿಯ ವಿಳಂಬ ಇವೆಲ್ಲ ಒತ್ತಡಗಳು ನಿಜ. ಆದರೆ ತ್ರೀ ಮೈಲ್ ಐಲ್ಯಾಂಡಿನ ದೀಪಕ್ಕೂ ಪರೀಕ್ಷಿಸದ ಭಾಗದ ಪ್ರಮಾಣಪತ್ರಕ್ಕೂ ನನ್ನ ಕಣ್ಣಿಗೆ ಭೇದ ಕಾಣದು.

ಪರೀಕ್ಷೆಯ ಸೌಲಭ್ಯ ದೂರವೆಂಬ ನೆಪವೂ ಬೆಂಗಳೂರಿನ ಉತ್ತರ ಭಾಗದವರಿಗೆ ಒಪ್ಪುವಂತಹುದಲ್ಲ. ಅಳತೆ ಮತ್ತು ಮಾಪನಗಳ ನಿಖರತೆಗೆ ತುಮಕೂರು ರಸ್ತೆಯಲ್ಲಿ 1962ರಿಂದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ. ಭೂಕಂಪದ ಕಂಪನವನ್ನು ಅನುಕರಿಸಿ ಉಪಕರಣಗಳನ್ನು ಪರೀಕ್ಷಿಸುವ ವೇದಿಕೆ, ಯಶವಂತಪುರಕ್ಕೂ ಹೆಬ್ಬಾಳಕ್ಕೂ ಸಮೀಪದಲ್ಲಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿದೆ. ಕವಾಟದ ಹರಿವಿನ ಪರೀಕ್ಷೆಗಾದರೆ ಕೇರಳದ ಪಾಲಕ್ಕಾಡಿನ ದ್ರವ ನಿಯಂತ್ರಣ ಸಂಶೋಧನಾ ಸಂಸ್ಥೆಗೆ ಹೋಗಬೇಕು, ಅದೂ ಒಂದು ರಾತ್ರಿಯ ಪ್ರಯಾಣ.

ಹೊಣೆಗಾರಿಕೆಯ ಕಾನೂನು

ಅಣು ಹಾನಿಯ ನಾಗರಿಕ ಹೊಣೆಗಾರಿಕೆ ಕಾಯ್ದೆ 2010ರಲ್ಲಿ ಬಂದಾಗ ಅದರ 17ನೆಯ ಕಲಂ ದೊಡ್ಡ ಚರ್ಚೆಗೆ ಕಾರಣವಾಯಿತು. ಸಂತ್ರಸ್ತರಿಗೆ ಪರಿಹಾರ ಕೊಟ್ಟ ಸ್ಥಾವರ ನಿರ್ವಾಹಕನು, ದೋಷಯುಕ್ತ ಉಪಕರಣ ಅಥವಾ ಸಾಮಗ್ರಿ ಪೂರೈಸಿದವನಿಂದ ಆ ಹಣವನ್ನು ಹಿಂಪಡೆಯುವ ಹಕ್ಕು ಅದರಲ್ಲಿತ್ತು. ದೋಷ ಕಣ್ಣಿಗೆ ಕಾಣುವುದಾಗಿರಲಿ, ಗುಪ್ತವಾಗಿರಲಿ. ಈ ಕಾರಣದಿಂದ ವಿದೇಶಿ ಕಂಪನಿಗಳು ಹಿಂಜರಿದವು, ದೇಶೀಯ ಪೂರೈಕೆದಾರರೂ ಆತಂಕ ವ್ಯಕ್ತಪಡಿಸಿದರು. 2015ರಲ್ಲಿ 1,500 ಕೋಟಿ ರೂಪಾಯಿಗಳ ಭಾರತೀಯ ಅಣು ವಿಮಾ ನಿಧಿಕೂಟ ರಚನೆಯಾದದ್ದು ಈ ಆತಂಕವನ್ನು ಶಮನಗೊಳಿಸುವ ಸಲುವಾಗಿಯೇ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ, ಸಂಕ್ಷಿಪ್ತವಾಗಿ ಶಾಂತಿ ಕಾಯ್ದೆ ಎಂದು ಕರೆಯಲ್ಪಡುವುದು, 1962ರ ಅಣುಶಕ್ತಿ ಕಾಯ್ದೆಯನ್ನೂ 2010ರ ಈ ಕಾಯ್ದೆಯನ್ನೂ ಒಟ್ಟಿಗೆ ಬದಲಿಸುವಂತಹುದು. ನಿಯಂತ್ರಣ ಮಂಡಳಿಗೆ ಶಾಸನಬದ್ಧ ಸ್ಥಾನ ಬಂತು. ಪೂರೈಕೆದಾರನ ದೋಷವೆಂಬ ಹಳೆಯ ಆಧಾರವನ್ನು ಕೈಬಿಡಲಾಯಿತು. ಹಾನಿ ಉಂಟುಮಾಡುವ ಉದ್ದೇಶದಿಂದ ಎಸಗಿದ ಕೃತ್ಯವನ್ನು ಬಿಟ್ಟರೆ, ಕರಾರಿನಲ್ಲಿ ಲಿಖಿತವಾಗಿ ಒಪ್ಪಿಕೊಂಡಿದ್ದರೆ ಮಾತ್ರ ನಿರ್ವಾಹಕ ಹಣ ಹಿಂಪಡೆಯಬಹುದು.

ಇದನ್ನು ಓದಿ ಹಲವರು ನಿರಾಳರಾದರು. ನನಗೆ ಅಷ್ಟು ನಿರಾಳತೆ ಕಾಣುತ್ತಿಲ್ಲ. ಭಾರ ಶಾಸನದಿಂದ ಕರಾರಿಗೆ ಸರಿದಿದೆ. ಕರಾರನ್ನು ಬರೆಯುವವನು ದೊಡ್ಡವನು, ಸಹಿ ಹಾಕುವವನು ಚಿಕ್ಕವನು. ಮುಖ್ಯ ಗುತ್ತಿಗೆದಾರ ತಾನು ಒಪ್ಪಿಕೊಂಡ ಷರತ್ತುಗಳನ್ನು, ಮೇಲಿನ ಕರಾರಿನ ಎಲ್ಲ ಬಾಧ್ಯತೆಗಳು ಉಪಗುತ್ತಿಗೆದಾರನಿಗೂ ಅನ್ವಯ ಎಂಬ ಒಂದೇ ಸಾಲಿನಲ್ಲಿ ಕೆಳಗೆ ದಾಟಿಸಿಬಿಡಬಹುದು. ನಾಲ್ಕು ಲಕ್ಷ ರೂಪಾಯಿಯ ಡಿಸ್ಕುಗಳ ಆದೇಶದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಆ ಸಾಲು ಇದ್ದರೆ, ಮೇಲಿನ ಕರಾರಿನ ಪ್ರತಿಯನ್ನು ಕೇಳಿ ಪಡೆಯದೆ ಸಹಿ ಮಾಡಬಾರದು. ಹೊಣೆಯನ್ನು ಆದೇಶದ ಮೌಲ್ಯಕ್ಕೆ ಸೀಮಿತಗೊಳಿಸುವ ಷರತ್ತನ್ನು ಹಾಕಿಸಿಕೊಳ್ಳಲು ಪಟ್ಟು ಹಿಡಿಯಬೇಕು. ಸಿಗದಿದ್ದರೆ ಅದರ ಬೆಲೆಯನ್ನು ದರದಲ್ಲಿ ಸೇರಿಸಬೇಕು.

ಕಾರ್ಖಾನೆಗೆ ಉತ್ಪನ್ನ ಹೊಣೆಗಾರಿಕೆಯ ವಿಮೆ ಇದೆ ಎಂದು ಸಮಾಧಾನಪಟ್ಟುಕೊಳ್ಳುವವರು ಆ ಪಾಲಿಸಿಯ ಹೊರಗಿಡುವಿಕೆಗಳ ಪುಟವನ್ನು ಒಮ್ಮೆ ತೆರೆದು ನೋಡಬೇಕು. ಅಣು ಸಂಬಂಧಿ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುತ್ತವೆ. ಇನ್ನು ಬ್ಯಾಲೆನ್ಸ್ ಶೀಟಿನ ಮಾತು. ಲೆಕ್ಕ ಮಾನಕ 29ರ ಪ್ರಕಾರ ಖಾತರಿಯ ಅವಧಿಯ ಸಂಭವನೀಯ ವೆಚ್ಚಕ್ಕೆ ಅವಕಾಶ ಕಲ್ಪಿಸಬೇಕು, ನಿಶ್ಚಿತವಲ್ಲದ ಸಂಭಾವ್ಯ ಹೊಣೆಯನ್ನು ಟಿಪ್ಪಣಿಯಲ್ಲಿ ತೋರಿಸಬೇಕು. ಇಂತಹ ಕರಾರಿಗೆ ಸಹಿ ಹಾಕಿದ ಉದ್ಯಮಿ ಅದರ ಪ್ರತಿಯನ್ನು ತನ್ನ ಲೆಕ್ಕ ಪರಿಶೋಧಕನಿಗೆ ಕೊಡುವುದು ಅಪರೂಪ. ನಮಗೆ ಬರುವುದು ಇನ್‌ವಾಯ್ಸ್ ಮಾತ್ರ. ಬ್ಯಾಂಕಿನವರು ಸಾಲ ನವೀಕರಣದ ವೇಳೆ ಆ ಕರಾರನ್ನು ನೋಡಿ ನಮ್ಮನ್ನು ಕೇಳಿದಾಗಲೇ ಅದು ಇದೆಯೆಂದು ತಿಳಿಯುವ ಸಂದರ್ಭಗಳುಂಟು.

ಕೈಗಾದ ಹೊಸ ಘಟಕಗಳ ಬಿಡಿಭಾಗಗಳ ವಿಚಾರಣೆ ಪತ್ರಗಳು ನಮ್ಮ ಘಟಕಗಳಿಗೆ ಬಂದಾಗ, ಅವುಗಳ ಜೊತೆ ಗುಣಮಟ್ಟ ಭರವಸೆಯ ಯೋಜನೆ ಎಂಬ ಕೆಲವು ಹಾಳೆಗಳಿರುತ್ತವೆ. ಯಾವ ಹಂತದಲ್ಲಿ ಯಾರು ತಪಾಸಣೆ ಮಾಡುತ್ತಾರೆ, ಯಾವ ದಾಖಲೆ ಯಾರ ಬಳಿ ಎಷ್ಟು ವರ್ಷ ಇರಬೇಕು ಎಂಬುದು ಅದರಲ್ಲಿದೆ. ಸಾಮಾನ್ಯವಾಗಿ ದರ ನಮೂದಿಸುವವರು ನಕ್ಷೆಯನ್ನು ನೋಡಿ, ಕಚ್ಚಾ ಸಾಮಗ್ರಿಯ ತೂಕ ಹಾಕಿ, ಯಂತ್ರದ ಗಂಟೆಗಳನ್ನು ಎಣಿಸಿ ದರ ಬರೆಯುತ್ತಾರೆ. ಈ ಹಾಳೆಗಳ ವೆಚ್ಚವನ್ನೂ, ಅಂದರೆ ಪರೀಕ್ಷೆಗೆ ತಗಲುವ ಶುಲ್ಕ, ತಪಾಸಕರಿಗಾಗಿ ಕಾಯುವ ದಿನಗಳು, ಹೀಟ್ ಸಂಖ್ಯೆಯನ್ನು ತುಂಡಿನಿಂದ ತುಂಡಿಗೆ ವರ್ಗಾಯಿಸುವ ಕೂಲಿ, ಕಪಾಟಿನ ಜಾಗ, ಇವನ್ನು ದರಕ್ಕೆ ಸೇರಿಸಿ ಬರೆದ ಸದಸ್ಯರು ಟೆಂಡರಿನಲ್ಲಿ ಕೆಲವು ಸಲ ಸೋಲಬಹುದು. ಸೇರಿಸದೆ ಗೆದ್ದವರಿಗೆ ಆ ವೆಚ್ಚ ತಪ್ಪುವುದಿಲ್ಲ, ಅದು ಯಾವ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಬರುತ್ತದೆ ಎಂಬುದಷ್ಟೇ ಅನಿಶ್ಚಿತ.